ಬುಗುರಿ, ಕವಡೆ, ಲಗೋರಿ: ದೊಡ್ಡವರಾದ ಮೇಲೂ ಆಟ ಬಿಡದಿರುವುದು ಹೇಗೆ

ಕೆಲಸಕ್ಕೆ ಸೇರಿದ ಎರಡು ಮೂರು ವರ್ಷದೊಳಗೆ ಹೆಚ್ಚಿನವರ ಕೈಯಿಂದ ಆಟ ಜಾರಿಹೋಗಿರುತ್ತದೆ. ಯಾರೂ ಬೇಕೆಂದು ಬಿಡುವುದಿಲ್ಲ. ಒಂದು ಭಾನುವಾರ ಬಟ್ಟೆ ಒಗೆಯಲು ಹೋಗುತ್ತದೆ, ಇನ್ನೊಂದು ಮದುವೆ ಊಟಕ್ಕೆ, ಮತ್ತೊಂದು ಮೊಬೈಲಿಗೆ. ಅಷ್ಟರಲ್ಲಿ ಮನೆಯವರೊಬ್ಬರು "ಇನ್ನೂ ಏನು ಹುಡುಗಾಟ ನಿಂದು?" ಎಂದು ಕೇಳಿರುತ್ತಾರೆ. ಆಮೇಲೆ ಆಡಬೇಕು ಅನ್ನಿಸಿದರೂ ನಾಚಿಕೆ ಅಡ್ಡ ಬರುತ್ತದೆ.

ಹುಡುಗಾಟ ಬೇರೆ, ಹುಡುಗುತನ ಬೇರೆ. ಬಾಡಿಗೆ ಕಟ್ಟುವ ದಿನ ಮರೆಯುವುದು, ಅಪ್ಪನ ಬಿ.ಪಿ. ಮಾತ್ರೆ ತರುತ್ತೇನೆಂದು ಹೇಳಿ ಬರಿಗೈಲಿ ಬರುವುದು ಹುಡುಗಾಟ. ಅದು ಹೋಗಬೇಕಾದದ್ದೇ. ನಾಲ್ಕಾಣೆ ಲಾಭವಿಲ್ಲದ ಕೆಲಸದಲ್ಲಿ ಮೈಮರೆಯುವುದು, ಬರದ ಆಟವನ್ನು ನಾಲ್ಕು ಜನರೆದುರು ಬರದ ಹಾಗೆಯೇ ಆಡಿ ನಗುವುದು ಹುಡುಗುತನ. ಇದು ಹೋಗಬಾರದು. ಇದನ್ನು ಉಳಿಸಿಕೊಳ್ಳಲು ಮನಸ್ಸಿಗೆ ಬುದ್ಧಿ ಹೇಳಿಕೊಂಡರೆ ಸಾಲದು. ಕೈಗೆ ಒಂದು ವಸ್ತು, ವಾರದಲ್ಲಿ ಒಂದು ಹೊತ್ತು, ಜೊತೆಗೆ ಮೂರು ಜನ ಬೇಕು. ಈ ಮೂರನ್ನು ಹೊಂದಿಸುವುದು ಹೇಗೆಂದು ಮುಂದೆ ಬರೆದಿದ್ದೇವೆ.

ಮೊದಲು ಹೊತ್ತು

ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ, ಒಂದೂವರೆ ಗಂಟೆ ಸಾಕು. "ಬಿಡುವಾದಾಗ ಆಡೋಣ" ಎಂದವರು ಆಡಿದ್ದಿಲ್ಲ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗ ಇರಲಿ. ಪಾಳಿ ಕೆಲಸದವರಾದರೆ ವಾರದ ರಜೆ ಬದಲಾದ ಹಾಗೆ ದಿನ ಬದಲಾಗಲಿ, ಗಂಟೆ ಬದಲಾಗದಿರಲಿ.

ಲೆಕ್ಕಪತ್ರದ ಕೆಲಸಗಳನ್ನು ಆಟದ ಹೊತ್ತಿಗೆ ಮುಂಚೆಯೇ ಮುಗಿಸಿಬಿಡಿ. ಕರೆಂಟ್ ಬಿಲ್ಲು, ಸಾಲದ ಕಂತು, ಮನೆಗೆ ಫೋನ್ ಮಾಡುವುದು, ಸೋಮವಾರದ ಬಟ್ಟೆ ಇಸ್ತ್ರಿ, ಇವಕ್ಕೆಲ್ಲ ಶನಿವಾರ ಬೆಳಗ್ಗೆ ಒಂದು ಗಂಟೆ ಇಟ್ಟರೆ ಆಗುತ್ತದೆ. ಇದನ್ನು ಮಾಡದೆ ಆಡಲು ಕೂತವರಿಗೆ ಅರ್ಧ ಆಟದಲ್ಲಿ ಬಿಲ್ಲು ನೆನಪಾಗುತ್ತದೆ. ಫೋನ್ ಕೈಗೆ ಬರುತ್ತದೆ, ಅಲ್ಲಿಗೆ ಆಟ ಮುಗಿಯಿತು. ಹೆಗಲ ಮೇಲೆ ಭಾರವಿಲ್ಲದ್ದಕ್ಕೆ ಮಕ್ಕಳು ಅಷ್ಟು ಚೆನ್ನಾಗಿ ಆಡುತ್ತಾರೆ. ನಮಗಿರುವ ಭಾರವನ್ನು ಹೋಗಲಾಡಿಸಲು ಆಗದು, ಒಂದೂವರೆ ಗಂಟೆ ಕೆಳಗಿಡಬಹುದು.

ಜನ ನಾಲ್ವರಿದ್ದರೆ ಸರಿ. ಹನ್ನೆರಡು ಜನರ ವಾಟ್ಸಾಪ್ ಗುಂಪು ಮಾಡಿದರೆ ಮೊದಲ ವಾರ ಹತ್ತು ಜನ ಬರುತ್ತಾರೆ, ಮೂರನೇ ವಾರ ಇಬ್ಬರು, ಆಮೇಲೆ ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ. ನಾಲ್ವರಲ್ಲಿ ಒಬ್ಬರು ಹತ್ತು ವರ್ಷದೊಳಗಿನ ಮಗು, ಒಬ್ಬರು ಅರವತ್ತು ದಾಟಿದ ಅಜ್ಜಿಯೋ ಚಿಕ್ಕಪ್ಪನೋ ಆದರೆ ಇನ್ನೂ ಒಳ್ಳೆಯದು. ಮಗುವಿಗೆ ನಾಚಿಕೆಯಿಲ್ಲ, ಅಜ್ಜಿಗೆ ನಿಯಮ ಗೊತ್ತು. ಫೋನುಗಳು ಒಂದು ಸ್ಟೀಲ್ ಡಬ್ಬಿಯಲ್ಲಿರಲಿ, ತುರ್ತು ಕರೆ ಬರಬಹುದಾದ ಒಬ್ಬರದು ಮಾತ್ರ ಹೊರಗೆ. ಆಡುವಾಗ ವಿಡಿಯೋ ಬೇಡ. ಕ್ಯಾಮೆರಾ ಎದುರಿಗಿದ್ದರೆ ಚೆನ್ನಾಗಿ ಆಡುವವನೇ ಮತ್ತೆ ಮತ್ತೆ ಆಡುತ್ತಾನೆ, ಬರದವನು ಬದಿಗೆ ಸರಿಯುತ್ತಾನೆ. ಬರದವನ ಆಟ ಉಳಿಯಲೆಂದೇ ಇಷ್ಟೆಲ್ಲ ಮಾಡುತ್ತಿರುವುದು.

ಬುಗುರಿ: ಒಬ್ಬರೇ ಶುರುಮಾಡಬಹುದಾದ ಆಟ

ಜೊತೆ ಸಿಗುವವರೆಗೆ ಕಾಯಬೇಕಿಲ್ಲ. ಚಾಟಿ, ಅಂದರೆ ದಾರ, ಸುತ್ತಿ ಒಗೆಯುವ ಬುಗುರಿ ಒಂದಿದ್ದರೆ ತಾರಸಿಯ ಮೇಲೆ ಒಬ್ಬರೇ ಕಲಿಯಬಹುದು. ಬಾಲ್ಯದಲ್ಲಿ ಆಡಿದವರಿಗೂ ಇದು ಮೊದಲ ದಿನ ಕೈಕೊಡುತ್ತದೆ, ಆ ಕಾರಣಕ್ಕೇ ಶುರುಮಾಡಲು ಇದು ಒಳ್ಳೆಯ ಆಟ.

ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಬುಗುರಿ ಬೆರಳಲ್ಲಿ ತಿರುಗಿಸಿ ಬಿಡುವಂಥದ್ದು. ನೋಡಲು ಚಂದ, ಊಟದ ಮೇಜಿನ ಮೇಲೆ ಆಡಬಹುದು, ಆದರೆ ನೆಲಕ್ಕೆ ಬೀಸಿ ಒಗೆಯಲು ಅಲ್ಲ. ಚಾಟಿಗೆ ಬೇಕಾದ್ದು ಗಟ್ಟಿ ಮರದ, ಕೆಳಗೆ ಕಬ್ಬಿಣದ ಮೊಳೆ ಇರುವ, ಅಂಗೈಯಲ್ಲಿ ತುಂಬಿ ಕೂರುವ ಬುಗುರಿ. ಜಾತ್ರೆಯಲ್ಲಿ, ಹಳೆ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ಮೂರು ಸಂಗತಿ ನೋಡಿ. ಮೊಳೆ ನೆಟ್ಟಗಿದೆಯೇ? ಬುಗುರಿಯನ್ನು ಕಣ್ಣೆತ್ತರಕ್ಕೆ ಹಿಡಿದು ಎರಡು ಬೆರಳ ನಡುವೆ ನಿಧಾನ ತಿರುಗಿಸಿ, ಮೊಳೆಯ ತುದಿ ಒಂದೇ ಕಡೆ ನಿಂತಂತೆ ಕಾಣಬೇಕು, ವೃತ್ತ ಬರೆದಂತೆ ಸುತ್ತಬಾರದು. ಮರದಲ್ಲಿ ಸೀಳು ಇದೆಯೇ? ಮೊಳೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹತ್ತನೇ ಒಗೆತಕ್ಕೆ ಎರಡಾಗುತ್ತದೆ. ಕೆಳಭಾಗದಲ್ಲಿ ದಾರ ಕೂರಲು ಗೀರುಗಳಿವೆಯೇ? ನುಣ್ಣಗಿದ್ದರೆ ದಾರ ಜಾರುತ್ತದೆ.

ಮೊಳೆ ಸೂಜಿಯಂತೆ ಚೂಪಾಗಿದ್ದರೆ ಕಲ್ಲಿನ ಮೇಲೆ ಉಜ್ಜಿ ತುದಿಯನ್ನು ಸಾಸಿವೆ ಕಾಳಿನಷ್ಟು ದುಂಡಗೆ ಮಾಡಿಕೊಳ್ಳಿ. ಚೂಪು ಮೊಳೆ ಮಣ್ಣಿನಲ್ಲಿ ಕೊರೆದು ನಿಲ್ಲುತ್ತದೆ, ಕಾಲಿಗೆ ಬಿದ್ದರೆ ಗಾಯವೂ ಆಳ.

ಚಾಟಿ ಹತ್ತಿಯದಾಗಿರಲಿ. ನೈಲಾನ್ ದಾರ ಮರವನ್ನು ಹಿಡಿಯುವುದಿಲ್ಲ, ಸುತ್ತುವಾಗಲೇ ಬಿಚ್ಚಿಕೊಳ್ಳುತ್ತದೆ. ದಪ್ಪ ಎರಡರಿಂದ ಮೂರು ಮಿಲಿಮೀಟರ್, ಉದ್ದ ಮುಕ್ಕಾಲು ಮಾರು, ಅಂದರೆ ಸುಮಾರು ಒಂದೂಕಾಲು ಮೀಟರ್. ಒಂದು ತುದಿಗೆ ತೂತು ಮಾಡಿದ ಸೋಡಾ ಮುಚ್ಚಳವನ್ನೋ ದೊಡ್ಡ ಗುಂಡಿಯನ್ನೋ ಪೋಣಿಸಿ ಗಂಟು ಹಾಕಿ. ಒಗೆದಾಗ ದಾರ ಬೆರಳಿಂದ ಜಾರದಂತೆ ಇದು ತಡೆಯುತ್ತದೆ. ಇನ್ನೊಂದು ತುದಿಯನ್ನು ನೀರಲ್ಲಿ ಒಂದಂಗುಲ ಅದ್ದಿ ಹಿಂಡಿ, ಮರಕ್ಕೆ ಅಂಟಿಕೊಳ್ಳುತ್ತದೆ.

ಸುತ್ತುವುದು ಹೀಗೆ. ಬುಗುರಿಯನ್ನು ಎಡಗೈಯಲ್ಲಿ ಮೊಳೆ ಮೇಲೆ ಬರುವಂತೆ ಹಿಡಿಯಿರಿ. ಒದ್ದೆ ತುದಿಯನ್ನು ಬುಗುರಿಯ ಮೈಗೆ ಹೆಬ್ಬೆರಳಿನಿಂದ ಒತ್ತಿ. ದಾರವನ್ನು ಮೊಳೆಯವರೆಗೆ ತಂದು ಮೊಳೆಗೆ ಎರಡು ಸುತ್ತು ಬಿಗಿಯಾಗಿ ಹಾಕಿ. ಅಲ್ಲಿಂದ ಒಂದರ ಪಕ್ಕ ಒಂದು ಸುತ್ತು, ಎಲ್ಲಿಯೂ ಒಂದರ ಮೇಲೊಂದು ಏರದ ಹಾಗೆ, ಒತ್ತಿಹಿಡಿದ ತುದಿಯನ್ನೂ ಮುಚ್ಚಿಕೊಂಡು ಬನ್ನಿ. ಬುಗುರಿಯ ಹೊಟ್ಟೆ ದಪ್ಪವಾಗುವ ಕಡೆ ನಿಲ್ಲಿಸಿ. ಕೈಯಲ್ಲಿ ಒಂದು ಗೇಣು ದಾರ ಉಳಿಯಬೇಕು. ಅದನ್ನು ತೋರುಬೆರಳಿಗೆ ಒಂದು ಸುತ್ತು ಹಾಕಿ, ಮುಚ್ಚಳವನ್ನು ಎರಡು ಬೆರಳ ಸಂದಿನಲ್ಲಿ ಸಿಕ್ಕಿಸಿ.

ಹೊಸಬರು ಮೊಳೆ ಕೆಳಗೆ ಮಾಡಿ ಹಿಡಿದು, ಸೊಂಟದೆತ್ತರದಿಂದ ಎದುರಿಗೆ ಮಟ್ಟಸವಾಗಿ ಬಿಡಲಿ. ತಲೆ ಮೇಲಿಂದ ಬೀಸುವುದು ಆಮೇಲೆ. ಬುಗುರಿ ಕೈಬಿಟ್ಟು ಎರಡು ಮೂರು ಅಡಿ ಹೋಗಿ ದಾರ ಪೂರ್ತಿ ಬಿಚ್ಚುವ ಗಳಿಗೆಯಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಎಳೆಯಬೇಕು. ಬುಗುರಿಗೆ ವೇಗ ಬರುವುದು ಒಗೆತದಿಂದ ಅಲ್ಲ, ಈ ಎಳೆತದಿಂದ. ಜೋರಾಗಿ ಒಗೆದು ಎಳೆಯಲು ಮರೆಯುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ಉಳಿದ ತಪ್ಪುಗಳನ್ನು ಬುಗುರಿಯೇ ಹೇಳುತ್ತದೆ. ಮಗ್ಗುಲಾಗಿ ಬಿದ್ದು ಉರುಳಿದರೆ ನೀವು ಓರೆಯಾಗಿ ಬಿಟ್ಟಿದ್ದೀರಿ, ಇಲ್ಲವೇ ಸುತ್ತು ಸಡಿಲವಿತ್ತು. ದಾರ ಬಿಡದೆ ಬುಗುರಿ ವಾಪಸು ನಿಮ್ಮ ಮೊಣಕಾಲಿಗೇ ಬಂದರೆ ಸುತ್ತುಗಳು ಒಂದರ ಮೇಲೊಂದು ಏರಿ ಸಿಕ್ಕಿಕೊಂಡಿವೆ. ನೆಟ್ಟಗೆ ನಿಂತರೂ ಕಪ್ಪೆಯಂತೆ ಕುಪ್ಪಳಿಸಿದರೆ ಮೊಳೆ ಸೊಟ್ಟ. ಎಲ್ಲ ಸರಿಯಾದ ದಿನ ಬುಗುರಿ ಅಲುಗದೆ ನಿಂತುಬಿಡುತ್ತದೆ, ಸುತ್ತುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ, ಕಿವಿಗೊಟ್ಟರೆ ಮಾತ್ರ ಗುಂಯ್ ಅನ್ನುವ ಸದ್ದು. ಅದನ್ನು ನೋಡುತ್ತ ಉಸಿರು ಹಿಡಿದು ಕೂತಿರುವುದೇ ಹುಡುಗುತನ. ಅದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ದಿನಕ್ಕೆ ಇಪ್ಪತ್ತು ಒಗೆತದಂತೆ ಬಿಡದೆ ಆಡಿದರೆ ಒಂದೆರಡು ವಾರದಲ್ಲಿ ಕೈ ಕೂರುತ್ತದೆ. ಒಂದೇ ದಿನ ನೂರು ಸಲ ಒಗೆದರೆ ಮರುದಿನ ಮಣಿಕಟ್ಟು ನೋಯುತ್ತದೆ, ಕೀಬೋರ್ಡಿನ ಮುಂದೆ ಕೂರುವವರು ಇದನ್ನು ಮರೆಯಬಾರದು. ಸಿಮೆಂಟ್ ತಾರಸಿ ಅಥವಾ ಗಟ್ಟಿ ಮಣ್ಣಿನ ಅಂಗಳದಲ್ಲೇ ಆಡಿ. ಮನೆಯೊಳಗಿನ ಟೈಲ್ಸಿನ ಮೇಲೆ ಬೇಡ, ಒಂದು ಏಟಿಗೆ ಚಕ್ಕೆ ಏಳುತ್ತದೆ. ಎದುರಿಗೆ ಹತ್ತು ಅಡಿಯೊಳಗೆ ಯಾರೂ ನಿಲ್ಲಬಾರದು, ಅದರಲ್ಲೂ ಕುಕ್ಕರಗಾಲಲ್ಲಿ ಕೂತು ನೋಡುವ ಮಕ್ಕಳು. ಬುಗುರಿಯ ಮೇಲೆ ಬುಗುರಿ ಒಗೆದು ಗುನ್ನ ಹೊಡೆಯುವ ಆಟವನ್ನು ಎಲ್ಲರ ಕೈ ಕೂತ ಮೇಲಷ್ಟೇ ಆಡಿ, ಗುನ್ನಕ್ಕೆ ಹಳೆಯ ಬುಗುರಿ ಇಡಿ.

ಮಳೆ ಬಂದ ಭಾನುವಾರಕ್ಕೆ ಚೌಕಾಬಾರ

ಇದಕ್ಕೆ ನೆಲ, ಸೀಮೆಸುಣ್ಣ, ನಾಲ್ಕು ಕವಡೆ ಸಾಕು. ಕವಡೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಿಗದ ಊರಿನಲ್ಲಿ, ಹೊರದೇಶದಲ್ಲಿ, ಒಂದೇ ಬಗೆಯ ನಾಲ್ಕು ನಾಣ್ಯ ತೆಗೆದುಕೊಂಡು ಒಂದು ಮುಖವನ್ನು ಬಾಯಿ ಎಂದುಕೊಳ್ಳಿ. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೂ ಆಗುತ್ತದೆ.

ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ. ಒಂದೊಂದು ಮನೆ ಮೂರು ಅಂಗುಲ. ನಾಲ್ಕು ಬದಿಯ ನಡುಮನೆಗಳಿಗೂ ಒಟ್ಟು ನಡುವಿನ ಮನೆಗೂ ಅಡ್ಡಗೆರೆ ಹಾಕಿ ಕಟ್ಟೆ ಮಾಡಿ, ಅಲ್ಲಿ ಕಾಯಿ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಹುಣಸೆ ಬೀಜ, ಒಬ್ಬರಿಗೆ ಕಲ್ಲು, ಒಬ್ಬರಿಗೆ ಕಡ್ಡಿ.

ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಎಂಟು. ಎರಡಕ್ಕೂ ಮತ್ತೊಂದು ಆಟ ಸಿಗುತ್ತದೆ. ಕಾಯಿ ತನ್ನ ಬದಿಯ ಕಟ್ಟೆಯಿಂದ ಹೊರಟು ಹೊರಸುತ್ತಿನಲ್ಲಿ ಗಡಿಯಾರಕ್ಕೆ ಎದುರಾಗಿ ಹದಿನೈದು ಮನೆ ನಡೆದು, ಒಳಸುತ್ತಿಗೆ ಇಳಿದು, ಅಲ್ಲಿ ಗಡಿಯಾರದಂತೆ ಎಂಟು ಮನೆ ನಡೆದು, ಕೊನೆಗೆ ಒಟ್ಟು ನಡುವಿನ ಮನೆ ಸೇರಿ ಹಣ್ಣಾಗುತ್ತದೆ. ಒಟ್ಟು ಇಪ್ಪತ್ತನಾಲ್ಕು ನಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯುವಂತಿಲ್ಲ. ಹೊಡೆಸಿಕೊಂಡ ಕಾಯಿ ಹೊರಟ ಕಟ್ಟೆಗೇ ಮರಳುತ್ತದೆ, ಹೊಡೆದವರಿಗೆ ಇನ್ನೊಂದು ಆಟ. ಹಣ್ಣಾಗಲು ಬೇಕಾದಷ್ಟೇ ಬೀಳಬೇಕು, ಹೆಚ್ಚು ಬಿದ್ದರೆ ಆ ಕಾಯಿ ಕದಲದು.

ನಾಣ್ಯದಲ್ಲಿ ಆಡಿದರೆ ಲೆಕ್ಕ ಸ್ಪಷ್ಟ: ಹದಿನಾರಕ್ಕೆ ಆರು ಸಲ ಎರಡು ಬೀಳುತ್ತದೆ, ಒಂದೂ ಮೂರೂ ನಾಲ್ಕು ನಾಲ್ಕು ಸಲ, ಚೌಕಾ ಬಾರಾ ಒಂದೊಂದೇ ಸಲ. ಆದ್ದರಿಂದ ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಲ್ಲುವುದೇ ಹೆಚ್ಚು ಅಪಾಯ. ಕವಡೆಯ ಎರಡು ಮಗ್ಗುಲಿನ ಆಕಾರ ಬೇರೆಬೇರೆಯಾದ್ದರಿಂದ ಈ ಲೆಕ್ಕ ಅಲ್ಲಿ ಹಾಗೇ ಹೊಂದುವುದಿಲ್ಲ. ನಿಮ್ಮ ಮನೆಯ ಕವಡೆಯ ಗುಣ ನಿಮಗೇ ತಿಳಿಯಬೇಕು.

ಜಗಳ ಬರುವುದು ನಿಯಮದಲ್ಲಿ, ಏಕೆಂದರೆ ಮನೆಮನೆಗೂ ನಿಯಮ ಬೇರೆ. ಸತತ ಮೂರು ಸಲ ಚೌಕಾನೋ ಬಾರಾನೋ ಬಿದ್ದರೆ ಲೆಕ್ಕವಿದೆಯೇ? ಒಂದೇ ಮನೆಯಲ್ಲಿ ಜೋಡಿ ಕಾಯಿ ಕೂತರೆ ಹೊಡೆಯಬಹುದೇ? ಈ ಎರಡನ್ನು ಕವಡೆ ಮುಟ್ಟುವ ಮೊದಲೇ ತೀರ್ಮಾನಿಸಿ. ಹಿರಿಯರು "ನಮ್ಮ ಮನೇಲಿ ಹೀಗೆ" ಎಂದರೆ ಆ ದಿನ ಅದೇ ಕಾನೂನು. ನಾಲ್ವರು ಕೂತರೆ ಒಂದು ಗಂಟೆ ದಾಟುವುದು ಸಾಮಾನ್ಯ. ದುಡ್ಡು ಕಟ್ಟಿ ಆಡಬೇಡಿ, ಹತ್ತು ರೂಪಾಯಿಯಾದರೂ. ಸೋತವನ ಮುಖ ನೋಡಿದ ಕೂಡಲೇ ಅದು ವ್ಯವಹಾರವಾಗಿರುತ್ತದೆ.

ದೊಡ್ಡವರಿಗೆ ಇದು ತಕ್ಕದ್ದಲ್ಲ ಎಂದು ಯಾರಾದರೂ ಅಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರು ಹೇಳಿ. ಮಣೆಯಾಟಗಳನ್ನು ತಾವೇ ಹೊಸದಾಗಿ ಹೆಣೆದ ದೊರೆ ಅವರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಇರುವುದೇ ಆಟಗಳ ಬಗ್ಗೆ.

ಲಗೋರಿ, ಮೀನಖಂಡ ಜೋಪಾನ

ಎಂಟು ಹತ್ತು ಜನ ಸೇರಿದ ದಿನ ಲಗೋರಿ. ಏಳು ಚಪ್ಪಟೆ ಕಲ್ಲು ಅಥವಾ ಹೆಂಚಿನ ಚೂರು, ಅಡಿಯದು ಅಂಗೈಯಗಲ, ತುದಿಯದು ಎರಡು ಅಂಗುಲ. ಗೆರೆ ಹನ್ನೆರಡರಿಂದ ಹದಿನೈದು ಅಡಿ ದೂರ, ಒಬ್ಬೊಬ್ಬರಿಗೆ ಮೂರು ಎಸೆತ. ಟೆನಿಸ್ ಚೆಂಡಿರಲಿ, ಕ್ರಿಕೆಟ್ಟಿನ ಕಾರ್ಕ್ ಚೆಂಡು ಬೇಡ. ಸೊಂಟದ ಕೆಳಗೆ ಮಾತ್ರ ಹೊಡೆಯುವುದು ಎಂದು ಮೊದಲೇ ಮಾತಾಗಲಿ. ನಿಯಮ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಇಪ್ಪತ್ತೆಂಟು ವರ್ಷದ ಕಾಲಿಗೆ ಹನ್ನೆರಡು ವರ್ಷದ ಓಟ ಹೇಗೆ ಬಾಧಿಸುತ್ತದೆ ಎಂಬುದು.

ವಾರವಿಡೀ ಕುರ್ಚಿಯಲ್ಲಿ ಕೂತ ಮೈಯಲ್ಲಿ ತೊಡೆಯ ಹಿಂಭಾಗವೂ ಮೀನಖಂಡವೂ ಬಿಗಿದಿರುತ್ತವೆ. ಚೆಂಡು ಕಂಡ ಕೂಡಲೇ ನಿಂತಲ್ಲಿಂದ ಜಿಗಿದು ಓಡಿದರೆ ಮೊದಲು ಹಿಡಿದುಕೊಳ್ಳುವುದು ಅವೇ. ಆದ್ದರಿಂದ ಐದು ನಿಮಿಷ ಬಿರುಸು ನಡಿಗೆ, ಮೂರು ನಿಮಿಷ ನಿಧಾನ ಓಟ, ಎರಡು ನಿಮಿಷ ಮಂಡಿ ಮೇಲೆತ್ತುವುದು, ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಆಟ. ಚಪ್ಪಲಿಯಲ್ಲಿ ಬೇಡ, ಲೇಸಿನ ಬೂಟು. ಮೊದಲ ಮೂರು ವಾರ ಓಡುವ ಪಾಳಿ ಹತ್ತು ನಿಮಿಷ ಮೀರದಿರಲಿ. ಓಡುವಾಗ ಕಾಲಿನ ಹಿಂದೆ ಯಾರೋ ಕಲ್ಲು ಹೊಡೆದಂತಾಗಿ, ಬೆರಳ ಮೇಲೆ ನಿಲ್ಲಲಾಗದಿದ್ದರೆ ಉಜ್ಜಬೇಡಿ, ಎಳೆಯಬೇಡಿ. ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಡಾಕ್ಟರಿಗೆ ತೋರಿಸಿ, ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು ಹರಿದಿರಬಹುದು. ಎದೆನೋವು ಅಥವಾ ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ಓಡಲಿ.

ಪಂಚಾಂಗದಲ್ಲೇ ಇರುವ ಆಟದ ದಿನಗಳು

ದೊಡ್ಡವರು ಆಡುವ ದಿನಗಳನ್ನು ನಮ್ಮ ಕಡೆ ಹಬ್ಬಗಳಲ್ಲೇ ಇಟ್ಟಿದ್ದಾರೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಹದಿನಾಲ್ಕು ಗುಳಿಯ ಚೆನ್ನೆಮಣೆ ಹೊರಗೆ ಬರುತ್ತದೆ. ಈ ದಿನಗಳಿಗೆ ರಜೆ ಈಗಲೇ ಬರೆದಿಟ್ಟುಕೊಳ್ಳಿ. ಅಂದು ಆಡಲು ಯಾರ ಅಪ್ಪಣೆಯೂ ಬೇಕಿಲ್ಲ, ನಾಚಿಕೆಯೂ ಇಲ್ಲ.

ಜೋಕಾಲಿ ಕಟ್ಟುವವರಿಗೆ ಒಂದೆರಡು ಮಾತು. ತೊಡೆದಪ್ಪದ ಹಸಿ ಕೊಂಬೆ ಇರುವ ಬೇವು ಅಥವಾ ಹುಣಸೆ ಆಗುತ್ತದೆ. ನುಗ್ಗೆ ಮರ ಬೇಡವೇ ಬೇಡ, ಎಷ್ಟೇ ದಪ್ಪವಿದ್ದರೂ ಸದ್ದಿಲ್ಲದೆ ಮುರಿಯುತ್ತದೆ. ಹೆಬ್ಬೆರಳ ದಪ್ಪದ ಹಗ್ಗ, ಕೊಂಬೆಗೆ ತಾಗುವ ಕಡೆ ಗೋಣಿಚೀಲದ ಎರಡು ಮಡಿಕೆ. ಗೋಣಿ ಹಾಕದಿದ್ದರೆ ಹಗ್ಗ ಜೀಕಿದಷ್ಟೂ ಸವೆಯುತ್ತದೆ, ಅದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಕಟ್ಟಿದ ಮೇಲೆ ಇಬ್ಬರು ಜೋತುಬಿದ್ದು ನೋಡಿ, ಆಮೇಲೆ ಮಕ್ಕಳನ್ನು ಕೂರಿಸಿ.

ಆಟದ ನಡುವೆ ಬಾಯಿಗೆ ಕುಟ್ಟುಂಡೆ ಇರಲಿ. ಕೆಲವೆಡೆ ಇದನ್ನೂ ಚಿಗಳಿ ಎನ್ನುತ್ತಾರೆ, ಪಂಚಮಿಯ ಎಳ್ಳು ಚಿಗಳಿ ಬೇರೆ. ಬೀಜ ನಾರು ತೆಗೆದ ಹುಣಸೆಹಣ್ಣು ನೂರು ಗ್ರಾಂ, ಬೆಲ್ಲ ನೂರು ಗ್ರಾಂ, ಹುರಿದ ಒಣಮೆಣಸಿನಕಾಯಿ ನಾಲ್ಕು, ಜೀರಿಗೆ ಒಂದು ಚಮಚ, ಉಪ್ಪು ಒಂದು ಚಮಚ. ಮೆಣಸಿನಕಾಯಿ, ಜೀರಿಗೆ, ಉಪ್ಪು ಮೊದಲು ಪುಡಿಯಾಗಲಿ, ಆಮೇಲೆ ಹುಣಸೆ, ಕೊನೆಗೆ ಬೆಲ್ಲ. ಒರಳಲ್ಲೋ ಕುಟ್ಟಾಣಿಯಲ್ಲೋ ಕುಟ್ಟಿ. ಮಿಕ್ಸಿಯಲ್ಲಿ ಬಿಸಿಯಾಗಿ ಬೆಲ್ಲ ಕರಗುತ್ತದೆ, ಮುದ್ದೆ ಬ್ಲೇಡಿಗೆ ಅಂಟಿ ಕೂರುತ್ತದೆ. ನೆಲ್ಲಿಕಾಯಿ ಗಾತ್ರದ ಹತ್ತು ಹನ್ನೆರಡು ಉಂಡೆ ಆಗುತ್ತವೆ. ಕಡ್ಡಿಗೆ ಸಿಕ್ಕಿಸಿ ಗಾಜಿನ ಬಾಟಲಿಯಲ್ಲಿ ಇಡಿ, ಅಲ್ಯೂಮಿನಿಯಂ ಡಬ್ಬಿ ಹುಳಿಗೆ ಆಗದು.

ನಡುವೆ ಒಂದೆರಡು ತಿಂಗಳು ಆಟ ನಿಂತೇ ನಿಲ್ಲುತ್ತದೆ. ಊರು ಬದಲಾಗುತ್ತದೆ, ಮಗು ಹುಟ್ಟುತ್ತದೆ, ಮನೆಯಲ್ಲಿ ಕಾಯಿಲೆ ಬರುತ್ತದೆ. ಅದಕ್ಕೆ ಬೇಸರ ಬೇಡ. ಬುಗುರಿ, ಚಾಟಿ, ಕವಡೆ, ಸೀಮೆಸುಣ್ಣ, ಚೆಂಡು ಇವಿಷ್ಟೂ ಒಂದೇ ಬಟ್ಟೆ ಚೀಲದಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರಲಿ, ಅಟ್ಟಕ್ಕೆ ಏರಿಸಬೇಡಿ. ಮತ್ತೆ ಶುರುಮಾಡುವ ದಿನ ಚಾಟಿ ಸೆಟೆದು ಗಡುಸಾಗಿರುತ್ತದೆ. ಹತ್ತು ನಿಮಿಷ ನೀರಲ್ಲಿ ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸಿ, ಅಂಗೈಗಳ ನಡುವೆ ಹೊಸೆಯಿರಿ. ಮೊದಲ ದಿನ ಹತ್ತು ಒಗೆತ ಸಾಕು.